ಹಾಡುವ ಮಕ್ಕಳು, ಊರಿನ ಕೆಲಸ

ಇಪ್ಪತ್ತು ಮೂವತ್ತು ಮಕ್ಕಳು ಒಂದೇ ಶ್ರುತಿಗೆ ಕಂಠ ಸೇರಿಸಿ, ಒಂದೇ ಲಯದಲ್ಲಿ, ಒಂದೇ ಹಾಡನ್ನು ಕೂಡಿ ಹಾಡುವುದನ್ನು ಕರ್ನಾಟಕದ ಶಾಲೆಗಳಲ್ಲಿ ಸಮೂಹ ಗಾಯನ ಎನ್ನುತ್ತಾರೆ. ಬೆಳಗಿನ ಪ್ರಾರ್ಥನೆ, ನಾಡಗೀತೆ, ರಾಷ್ಟ್ರಗೀತೆಗಳ ರೂಪದಲ್ಲಿ ಇದು ರಾಜ್ಯದ ಪ್ರತಿಯೊಂದು ಪ್ರೌಢಶಾಲೆಯಲ್ಲೂ ದಿನನಿತ್ಯ ನಡೆಯುತ್ತದೆ. ಆದರೆ ನಿತ್ಯದ ರೂಢಿಯಾದ ಕಾರಣಕ್ಕೇ ಇದರ ಶಕ್ತಿ ಎಷ್ಟೆಂಬುದನ್ನು ಶಾಲೆಯವರೂ ಪೋಷಕರೂ ಗಮನಿಸುವುದು ಕಡಿಮೆ. ಕನ್ನಡ ನಾಡಿನಲ್ಲಿ ಮಕ್ಕಳ ಸಾಮೂಹಿಕ ಹಾಡುಗಾರಿಕೆ ಮೊದಲಿನಿಂದಲೂ ಊರಿನ ಕೆಲಸದ ಜೊತೆಯಲ್ಲಿಯೇ ಬೆಳೆದುಬಂದಿದ್ದು, ವೇದಿಕೆ, ಸ್ಪರ್ಧೆ ಮತ್ತು ಬಹುಮಾನಗಳು ಅದಕ್ಕೆ ಬಹಳ ತಡವಾಗಿ ಬಂದು ಸೇರಿದವು. ಹಾಡುವ ಮಕ್ಕಳನ್ನು ಮತ್ತೆ ಊರಿನ ಸೇವೆಗೆ ಕರೆತರಬೇಕೆಂಬ ಮಾತಿಗೆ ಆದ್ದರಿಂದ ಹೊರಗಿನ ಮಾದರಿಯೇನೂ ಬೇಕಾಗಿಲ್ಲ. ಕಡೂರು, ತರೀಕೆರೆ, ಅಜ್ಜಂಪುರದ ಸೀಮೆಯಲ್ಲಿಯೇ ಅದಕ್ಕೆ ಬೇಕಾದ ಬೇರುಗಳಿವೆ.

ಚಿಕ್ಕಮಗಳೂರು ಜಿಲ್ಲೆಯ ಕಡೂರು ತಾಲ್ಲೂಕಿನ ಸಖರಾಯಪಟ್ಟಣ ಮಲೆನಾಡಿನ ಅಂಚಿನಲ್ಲಿ, ಬಯಲುಸೀಮೆಯ ಬಾಗಿಲಿನಲ್ಲಿ ಇರುವ ಊರು. ಕಡೂರು ಮತ್ತು ಚಿಕ್ಕಮಗಳೂರಿನ ನಡುವಿನ ಹೆದ್ದಾರಿ ಇದರ ಮೂಲಕವೇ ಹಾದುಹೋಗುತ್ತದೆ. 2013ರಲ್ಲಿ ಈ ಎರಡು ಊರುಗಳ ನಡುವೆ ರೈಲು ಓಡತೊಡಗಿದ ಮೇಲೆ ಇಲ್ಲಿಗೂ ಒಂದು ನಿಲ್ದಾಣ ಬಂದಿತು. ಊರಿಗೆ ಸಮೀಪದಲ್ಲಿ, ಶಕುನಗಿರಿ ಬೆಟ್ಟದ ತಪ್ಪಲಿನಲ್ಲಿ, ರಾಜ್ಯದ ದೊಡ್ಡ ಕೆರೆಗಳಲ್ಲಿ ಒಂದಾದ ಅಯ್ಯನಕೆರೆ ಇದೆ. ರುಕ್ಮಾಂಗದರಾಯನೆಂಬ ಪಾಳೆಯಗಾರ ಇದನ್ನು ಕಟ್ಟಿಸಿದನೆಂಬುದು ಸ್ಥಳೀಯರ ನಂಬಿಕೆಯಾಗಿದ್ದು, ಹೊಯ್ಸಳರ ಕಾಲದಲ್ಲಿ, 1156ರಲ್ಲಿ, ಇದು ಜೀರ್ಣೋದ್ಧಾರಗೊಂಡಿತು. ಬಾಬಾಬುಡನ್ ಗಿರಿಯ ಕಡೆಯಿಂದ ಇಳಿದು ಬರುವ ನೀರು ಈ ಕೆರೆಯನ್ನು ತುಂಬಿ, ವೇದಾ ಹೊಳೆಯಾಗಿ ಹರಿದು, ಮುಂದೆ ಕಡೂರಿನ ಬಳಿ ಅವತಿಯನ್ನು ಕೂಡಿಕೊಂಡು ವೇದಾವತಿಯಾಗಿ ಹಿರಿಯೂರಿನ ವಾಣಿವಿಲಾಸ ಸಾಗರವನ್ನು ಸೇರುತ್ತದೆ. ಒಂದು ಕಡೆ ಮಳೆಯ ಗಿರಿಗಳು, ಇನ್ನೊಂದು ಕಡೆ ಮಳೆಯ ನೆರಳಿನಲ್ಲಿ ಒಣಗುವ ಹೊಲಗಳು ಇರುವ ಈ ನಡುಸೀಮೆಯಲ್ಲಿ ನೀರಿನ ಚಿಂತೆಯೂ ಹಾಡೂ ಹಿಂದಿನಿಂದ ಒಟ್ಟಿಗೇ ಬಂದಿವೆ.

ಬಯಲುಸೀಮೆಯ ಹಳ್ಳಿಗಳಲ್ಲಿ ಮಳೆ ಕೈಕೊಟ್ಟ ವರ್ಷ ಮಕ್ಕಳು ಮಳೆರಾಯನ ಮಣ್ಣಿನ ಮೂರ್ತಿಯನ್ನು ಹಲಗೆಯ ಮೇಲಿಟ್ಟು ತಲೆಯ ಮೇಲೆ ಹೊತ್ತು, ಮಳೆಯನ್ನು ಕರೆಯುವ ಪದಗಳನ್ನು ಗುಂಪಾಗಿ ಹಾಡುತ್ತ ಮನೆಮನೆಗೆ ಹೋಗುತ್ತಿದ್ದರು. ಮನೆಯವರು ಹೊತ್ತ ಹುಡುಗನ ಮೇಲೆ ಕೊಡ ನೀರು ಸುರಿದು, ಹಾಡಿದವರಿಗೆ ಹಿಟ್ಟನ್ನೋ ಕಾಳನ್ನೋ ಕೊಡುತ್ತಿದ್ದರು. ಹೀಗೆ ಕೂಡಿದ ದವಸವನ್ನು ಒಂದೆಡೆ ಬೇಯಿಸಿ ಎಲ್ಲರೂ ಉಣ್ಣುತ್ತಿದ್ದರು. ಬರಗಾಲದ ದಿನಗಳಲ್ಲಿ ಉಳ್ಳವರ ಮನೆಯ ಕಾಳು ಇಲ್ಲದವರ ಮಕ್ಕಳ ತಟ್ಟೆಗೂ ಬರುವಂತೆ ಮಾಡಿದ ವ್ಯವಸ್ಥೆ ಇದಾಗಿತ್ತೆಂಬುದನ್ನು ಗಮನಿಸಿದರೆ, ಇದನ್ನು ಬರಿಯ ಆಚರಣೆಯೆಂದು ಬದಿಗಿಡಲಾಗದು. ಇದೇ ಜಿಲ್ಲೆಯ ಮಲೆನಾಡು ಭಾಗದಲ್ಲಿ ದೀಪಾವಳಿಯ ರಾತ್ರಿಗಳಲ್ಲಿ ನಡೆಯುವ ಅಂಟಿಗೆ ಪಂಟಿಗೆ, ಅಂದರೆ ಹೊತ್ತಿಸಿದ ದೀಪವನ್ನು ಆರದಂತೆ ಕಾಪಾಡಿಕೊಂಡು ಹಾಡುತ್ತ ಮನೆಯಿಂದ ಮನೆಗೆ ಸಾಗುವ ಪದ್ಧತಿ, ಇದರ ಒಡಹುಟ್ಟು. ಎರಡರಲ್ಲೂ ಒಬ್ಬನೋ ಇಬ್ಬರೋ ಸೊಲ್ಲು ಎತ್ತುತ್ತಾರೆ, ಉಳಿದವರು ಅದನ್ನು ಹಿಡಿದು ಹೇಳುತ್ತಾರೆ. ಕೇಳುವವರು ಎಲ್ಲಿದ್ದಾರೋ ಅಲ್ಲಿಗೆ ಹಾಡೇ ನಡೆದುಹೋಗುತ್ತದೆ. ಕಾವ್ಯವೂ ಈ ಸೀಮೆಯಲ್ಲಿ ಹೀಗೆಯೇ ಜನರ ಬಳಿಗೆ ಹೋಯಿತು. ಕಡೂರು ತಾಲ್ಲೂಕಿನ ದೇವನೂರು ಜೈಮಿನಿ ಭಾರತದ ಕವಿ ಲಕ್ಷ್ಮೀಶನ ಊರು. ಆ ಕಾವ್ಯವನ್ನು ರಾಗವಾಗಿ ವಾಚಿಸಿ, ಅರ್ಥ ಬಿಡಿಸಿ ಹೇಳುವ ಗಮಕದ ಮೂಲಕ ಓದು ಬಾರದವರಿಗೂ ಕಾವ್ಯ ತಲುಪಿತು.

ಹಾಡು ಮತ್ತು ಸ್ವಯಂಸೇವೆ ಎರಡೂ ಆಧುನಿಕ ರೂಪದಲ್ಲಿ ಒಂದೆಡೆ ಸೇರಿದ ಘಟನೆಯನ್ನು ಹುಡುಕಿದರೆ, ಕನ್ನಡಿಗರಿಗೆ 1924ರ ಡಿಸೆಂಬರ್‌ನಲ್ಲಿ ಬೆಳಗಾವಿಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಮಹಾತ್ಮ ಗಾಂಧಿಯವರು ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನ ಅದು. ಹುಯಿಲಗೋಳ ನಾರಾಯಣರಾಯರು ಬರೆದ, ಕನ್ನಡ ನಾಡಿನ ಉದಯವನ್ನು ಹಾರೈಸುವ ಗೀತೆ ಅಲ್ಲಿ ಮೊಳಗಿತು. ಮುಂದೆ ಹಿಂದೂಸ್ತಾನಿ ಸಂಗೀತದ ಮೇರು ಗಾಯಕಿಯಾದ ಗಂಗೂಬಾಯಿ ಹಾನಗಲ್ ಅವರು ಹನ್ನೊಂದು ವರ್ಷದ ಬಾಲಕಿಯಾಗಿ ಆ ಸಭೆಯಲ್ಲಿ ಹಾಡಿದರು. ಅದೇ ಅಧಿವೇಶನದ ಅಂಗಳದಲ್ಲಿ ಇನ್ನೊಂದು ತರುಣ ಪಡೆಯೂ ದುಡಿಯುತ್ತಿತ್ತು. ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರ್ ಅವರು ಅದಕ್ಕೆ ಒಂದು ವರ್ಷ ಮೊದಲು, 1923ರ ಡಿಸೆಂಬರ್‌ನಲ್ಲಿ, ಕಾಕಿನಾಡದಲ್ಲಿ ಸ್ಥಾಪಿಸಿದ್ದ ಹಿಂದೂಸ್ತಾನಿ ಸೇವಾ ದಳದ ಸ್ವಯಂಸೇವಕರು ಜನರ ನಿಯಂತ್ರಣ, ವ್ಯವಸ್ಥೆ, ಶಿಸ್ತುಗಳ ಹೊಣೆ ಹೊತ್ತಿದ್ದರು. ಹಾಡಿದವರೂ ದುಡಿದವರೂ ಒಂದೇ ಕಾರ್ಯದ ಎರಡು ಕೈಗಳಾಗಿದ್ದ ಆ ದಿನಗಳ ನೆನಪು ಕನ್ನಡ ನಾಡಿನ ಶಾಲೆಗಳಿಗೆ ಇಂದಿಗೂ ದಾರಿ ತೋರಬಲ್ಲದು.

ಆ ದಳದ ಪರಂಪರೆ ಮುಂದೆ ಭಾರತ ಸೇವಾದಳವಾಗಿ ಕರ್ನಾಟಕದ ಶಾಲೆಗಳಲ್ಲಿ ನೆಲೆಯೂರಿತು. ಸೇವಾದಳದ ತರಬೇತಿ ಪಡೆದ ಶಿಕ್ಷಕರು ಮಕ್ಕಳಿಗೆ ರಾಷ್ಟ್ರಧ್ವಜವನ್ನು ಕಟ್ಟುವ, ಏರಿಸುವ, ಇಳಿಸುವ ಕ್ರಮವನ್ನು ಕಲಿಸುವುದರ ಜೊತೆಗೆ, ರಾಷ್ಟ್ರಗೀತೆಯನ್ನು 52 ಸೆಕೆಂಡುಗಳ ಒಳಗೆ ಅಪಸ್ವರವಿಲ್ಲದೆ ಹಾಡುವುದನ್ನೂ, ದೇಶಭಕ್ತಿಗೀತೆಗಳನ್ನೂ, ಕವಾಯತನ್ನೂ, ಶ್ರಮದಾನವನ್ನೂ ಒಂದೇ ಪಾಠದಂತೆ ಕಲಿಸುತ್ತಾರೆ. ಶ್ರಮದಾನ ಎಂದರೆ ಕೂಲಿಯಿಲ್ಲದೆ ಊರಿನ ಸಾಮಾನ್ಯ ಉಪಯೋಗಕ್ಕಾಗಿ ಮೈಮುರಿದು ದುಡಿಯುವುದು: ಶಾಲೆಯ ಅಂಗಳ ಸಮ ಮಾಡುವುದು, ಚರಂಡಿ ಬಿಡಿಸುವುದು, ಗಿಡ ನೆಡುವುದು. ಸ್ಕೌಟ್ಸ್ ಮತ್ತು ಗೈಡ್ಸ್ ದಳಗಳಲ್ಲೂ ಪ್ರಾರ್ಥನೆ ಮತ್ತು ಧ್ವಜಗೀತೆಗಳು ಸೇವೆಯ ಪ್ರತಿಜ್ಞೆಯ ಜೊತೆಗೇ ಇವೆ. ಪದವಿಪೂರ್ವ ಮತ್ತು ಪದವಿ ತರಗತಿಗಳಿಗೆ ಬಂದ ಮೇಲೆ, ಗಾಂಧಿ ಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆ ಇದೇ ಕೆಲಸವನ್ನು ಮುಂದುವರಿಸುತ್ತದೆ. ಅದರ ಹಳ್ಳಿ ಶಿಬಿರಗಳಲ್ಲಿ ಹಗಲೆಲ್ಲ ಶ್ರಮದಾನ ನಡೆದು, ಸಂಜೆ ಊರವರ ಮುಂದೆ ಹಾಡು ಮತ್ತು ನಾಟಕ ನಡೆಯುವುದು ವಾಡಿಕೆ. ಪ್ರೌಢಶಾಲೆಯಲ್ಲಿ ಕಲಿತ ಹಾಡು ಮುಂದೆ ಎಲ್ಲಿ ಉಪಯೋಗಕ್ಕೆ ಬರುತ್ತದೆ ಎಂಬ ಪ್ರಶ್ನೆಗೆ ಈ ಶಿಬಿರಗಳೇ ಒಂದು ಉತ್ತರ.

ಹಾಡು ಕರೆಯಾಗಿ, ಕರೆಯ ಹಿಂದೆಯೇ ಕೆಲಸ ಬಂದ ಇನ್ನೊಂದು ಕಾಲವೆಂದರೆ ಸಾಕ್ಷರತಾ ಆಂದೋಲನದ ಕಾಲ. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಸ್ಥಾಪನೆಯಾಗಿ, 1990ರಲ್ಲಿ ಭಾರತ ಜ್ಞಾನ ವಿಜ್ಞಾನ ಜಾಥಾ ದೇಶದಾದ್ಯಂತ ಸಂಚರಿಸಿದಾಗ, ಕರ್ನಾಟಕದ ಹಳ್ಳಿಗಳಲ್ಲಿ ಕಲಾತಂಡಗಳು ಅಕ್ಷರದ ಹಾಡುಗಳನ್ನು ಹಾಡಿ, ಬೀದಿನಾಟಕಗಳನ್ನು ಆಡಿ ಜನರನ್ನು ಸೇರಿಸಿದವು. ಹಾಡಿನ ಸದ್ದಿಗೆ ನೆರೆದ ಹೆಂಗಸರೂ ಗಂಡಸರೂ ರಾತ್ರಿಯ ಕಲಿಕಾ ಕೇಂದ್ರಗಳಿಗೆ ಬಂದಾಗ, ಅವರಿಗೆ ಸ್ಲೇಟು ಹಿಡಿದು ಅಕ್ಷರ ತಿದ್ದಿಸಿದ ಸ್ವಯಂಸೇವಕರಲ್ಲಿ ವಿದ್ಯಾರ್ಥಿಗಳೂ ಇದ್ದರು. ಹಾಡು ಜನರನ್ನು ಕೂಡಿಸಬಲ್ಲದು, ಆದರೆ ಕೂಡಿದ ಜನರಿಗೆ ಕೊಡಲು ಹಾಡಿನ ಆಚೆಗೂ ಏನಾದರೂ ಇರಬೇಕೆಂಬುದನ್ನು ಆ ಆಂದೋಲನ ಸ್ಪಷ್ಟವಾಗಿ ತೋರಿಸಿಕೊಟ್ಟಿತು. ಇಂದಿಗೂ ಶಾಲೆ ಆರಂಭದ ದಿನಗಳಲ್ಲಿ ನಡೆಯುವ ದಾಖಲಾತಿ ಜಾಥಾ, ಗಾಂಧಿ ಜಯಂತಿಯ ಸ್ವಚ್ಛತಾ ಜಾಥಾ, ಸ್ವಾತಂತ್ರ್ಯ ದಿನದ ಪ್ರಭಾತಫೇರಿಗಳಲ್ಲಿ ಮಕ್ಕಳು ಬೀದಿಬೀದಿ ಸುತ್ತಿ ಹಾಡುತ್ತಾರೆ, ಘೋಷಣೆ ಕೂಗುತ್ತಾರೆ. ಆದರೆ ಮೆರವಣಿಗೆ ಶಾಲೆಗೆ ಮರಳಿ, ಸಿಹಿ ಹಂಚಿದ ಮೇಲೆ, ಅದರ ಬೆನ್ನಿಗೆ ಯಾವ ಕೆಲಸವೂ ಬಾರದಿದ್ದರೆ ಹಾಡು ಅರ್ಧದಾರಿಯಲ್ಲೇ ನಿಂತಂತಾಗುತ್ತದೆ.

ಸಮೂಹ ಗಾಯನವನ್ನು ಒಂದು ಕಲೆಯಾಗಿ ಶಾಲೆಗಳಿಗೆ ಕಲಿಸುವ ಪ್ರಯತ್ನವೂ ದೇಶದಲ್ಲಿ ನಡೆಯಿತು. 1980ರ ದಶಕದಲ್ಲಿ ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಮಂಡಳಿಯು ಹಲವು ಭಾಷೆಗಳ ಹಾಡುಗಳನ್ನು ಶಿಕ್ಷಕರಿಗೆ ಕಲಿಸಿ, ಅವರ ಮೂಲಕ ಎಲ್ಲ ರಾಜ್ಯಗಳ ಮಕ್ಕಳಿಗೆ ತಲುಪಿಸುವ ಸಾಮೂಹಿಕ ಗಾಯನ ಕಾರ್ಯಕ್ರಮವನ್ನು ಕೈಗೊಂಡಾಗ, ಅದರ ಮುಂಚೂಣಿಯಲ್ಲಿದ್ದವರಲ್ಲಿ ಚಿತ್ರಸಂಗೀತ ನಿರ್ದೇಶಕ ಎಂ. ಬಿ. ಶ್ರೀನಿವಾಸನ್ ಒಬ್ಬರು. ಮದ್ರಾಸ್ ಯೂತ್ ಕ್ವೈರ್ ಕಟ್ಟಿ ಬೆಳೆಸಿದ ಅವರು 1988ರಲ್ಲಿ ಲಕ್ಷದ್ವೀಪದ ಮಕ್ಕಳಿಗೆ ಹಾಡು ಕಲಿಸಲು ಹೋಗಿದ್ದಾಗ ಅಲ್ಲಿಯೇ ನಿಧನರಾದರು. ಪಾಶ್ಚಾತ್ಯ ಸಮೂಹ ಗಾಯನದಲ್ಲಿ ಹೆಣ್ಣು ಮತ್ತು ಗಂಡು ಕಂಠಗಳ ಎತ್ತರ ತಗ್ಗುಗಳನ್ನು ನಾಲ್ಕು ಪಂಕ್ತಿಗಳಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ಬೇರೆ ಬೇರೆ ಸ್ವರಗಳನ್ನು ಕೊಟ್ಟು ಏಕಕಾಲದಲ್ಲಿ ಹಾಡಿಸುತ್ತಾರೆ. ಇದನ್ನು ಸ್ವರಮೇಳ ಎನ್ನಬಹುದು. ನಮ್ಮ ಸಂಗೀತದಲ್ಲಿ ಎಲ್ಲರೂ ಒಂದೇ ರಾಗದ ಒಂದೇ ಸ್ವರವನ್ನು ಹಿಡಿದು ನಡೆಯುತ್ತಾರೆ. ಶ್ರೀನಿವಾಸನ್ ಈ ಎರಡು ಮಾರ್ಗಗಳನ್ನು ಭಾರತೀಯ ಭಾಷೆಗಳ ಹಾಡುಗಳಲ್ಲಿ ಹೊಂದಿಸಲು ಯತ್ನಿಸಿದರು. ಹಳ್ಳಿಯ ಪ್ರೌಢಶಾಲೆಗೆ ಸ್ವರಮೇಳದ ಹೊರೆ ಬೇಕಿಲ್ಲ. ಒಂದೇ ಸ್ವರದಲ್ಲಿ ಶುದ್ಧವಾಗಿ ನಿಲ್ಲುವುದೇ ಸಾಕಷ್ಟು ಕಷ್ಟದ, ಸಾಕಷ್ಟು ಸುಂದರವಾದ ಸಾಧನೆ.

ಇಲ್ಲಿ ವಯಸ್ಸಿನ ಒಂದು ಸಂಗತಿಯನ್ನು ತಿಳಿದಿರಬೇಕು. ಎಂಟರಿಂದ ಹತ್ತನೆಯ ತರಗತಿಯ ಹುಡುಗರಲ್ಲಿ ಧ್ವನಿಪೆಟ್ಟಿಗೆ ಬೆಳೆದು, ಅದರೊಳಗಿನ ಧ್ವನಿತಂತುಗಳು ಉದ್ದವೂ ದಪ್ಪವೂ ಆಗುವುದರಿಂದ ಕಂಠ ಒಡೆಯುತ್ತದೆ. ನಿನ್ನೆ ಸಲೀಸಾಗಿ ಮುಟ್ಟುತ್ತಿದ್ದ ತಾರಸ್ಥಾಯಿ ಇಂದು ಕೈಗೆ ಸಿಗದು. ಇದನ್ನು ಅರಿಯದ ಶಿಕ್ಷಕರು ಇಂಥ ಹುಡುಗರನ್ನು ಸಾಲಿನಿಂದ ಹೊರಗೆ ನಿಲ್ಲಿಸಿದರೆ, ಅವರಲ್ಲಿ ಹಲವರು ಜೀವನದಲ್ಲಿ ಮತ್ತೆ ಬಾಯಿ ತೆರೆದು ಹಾಡುವುದೇ ಇಲ್ಲ, ಇದು ದೊಡ್ಡ ನಷ್ಟ. ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಹೆಣ್ಣುಮಕ್ಕಳಿಗೆ ಐದು ಮನೆಯ ಆಸುಪಾಸಿನ ಶ್ರುತಿ ಹಿತವಾದರೆ ಕಂಠ ಒಡೆದ ಹುಡುಗರಿಗೆ ಒಂದು ಎರಡು ಮನೆಯ ಶ್ರುತಿ ಹಿತವಾಗುವುದರಿಂದ, ಕೂಡಿ ಹಾಡುವಾಗ ಒಂದೇ ಸ್ಥಾಯಿಯೊಳಗೆ ಸುತ್ತುವ ಹಾಡುಗಳನ್ನು ಆರಿಸಿಕೊಂಡು ಶ್ರುತಿಯನ್ನು ನಡುವೆ ಎಲ್ಲಾದರೂ ಹೊಂದಿಸುವುದು, ಇಲ್ಲವೇ ಪಲ್ಲವಿಯನ್ನು ಎಲ್ಲರಿಗೂ ಕೊಟ್ಟು ಚರಣಗಳನ್ನು ಹುಡುಗಿಯರಿಗೂ ಹುಡುಗರಿಗೂ ಹಂಚುವುದು ಅನುಭವಿಗಳ ಉಪಾಯ. ಜನಪದ ಹಾಡುಗಳ ಸೊಲ್ಲು ಎತ್ತುವ ಮತ್ತು ಹಿಡಿಯುವ ಕ್ರಮ ಈ ಹಂಚಿಕೆಗೆ ಹೇಳಿ ಮಾಡಿಸಿದಂತಿದೆ. ಶ್ರುತಿಪೆಟ್ಟಿಗೆ ಮತ್ತು ಒಂದು ಜೊತೆ ತಾಳ ಇದ್ದರೆ ತಂಡ ಸಿದ್ಧ. ಹಾರ್ಮೋನಿಯಂ, ತಬಲಾ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಅದು ನೆಪವಾಗಬಾರದು.

ಕೂಡಿ ಹಾಡುವುದರಿಂದ ಮನಸ್ಸು ಕೂಡುತ್ತದೆ ಎಂಬ ಹಳೆಯ ಅನುಭವಕ್ಕೆ ವಿಜ್ಞಾನವೂ ಸಾಕ್ಷಿ ನುಡಿದಿದೆ. ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹದಿನೆಂಟರ ಹರೆಯದ ಹದಿನೈದು ಮಂದಿಯಿಂದ ಹಾಡಿಸಿ ಅವರ ಹೃದಯ ಬಡಿತವನ್ನು ಅಳೆದಾಗ, ಹಾಡಿನ ಸಾಲುಗಳು ಉಸಿರನ್ನು ನಿಯಂತ್ರಿಸುವುದರಿಂದ ಗುಂಪಿನವರ ಹೃದಯ ಬಡಿತದ ಏರಿಳಿತಗಳು ಒಂದೇ ಸಮನಾಗುವುದು ಕಂಡುಬಂದಿತು. ಸಾಲಿನ ಕೊನೆಯಲ್ಲಿ ಎಲ್ಲರೂ ಒಟ್ಟಿಗೆ ಉಸಿರು ತೆಗೆದುಕೊಳ್ಳುವುದರಿಂದ ಇದು ಸಾಧ್ಯವಾಗುತ್ತದೆ. ಭಜನೆಯ ಮನೆಯಲ್ಲಿ ಕುಳಿತವರಿಗೆ ಇದು ಹೊಸ ವಿಷಯವಲ್ಲವಾದರೂ, ಅಂಕಗಳ ಲೆಕ್ಕದಲ್ಲಿ ಮುಳುಗಿರುವ ಪೋಷಕರಿಗೆ ಹಾಡಿನ ಅವಧಿ ವ್ಯರ್ಥವಲ್ಲವೆಂದು ತಿಳಿಸಲು ಇಂಥ ಪುರಾವೆ ನೆರವಾಗುತ್ತದೆ.

ಶಾಲೆಯ ಸಾಲಿನಲ್ಲಿ ನಿಂತು ಹಾಡುವುದಕ್ಕೆ ನಮ್ಮ ಹಳ್ಳಿಗಳ ಮಟ್ಟಿಗೆ ಇನ್ನೂ ಆಳವಾದ ಒಂದು ಅರ್ಥವಿದೆ. ಊರಿನ ಭಜನಾ ಮಂಡಳಿಗಳೂ ಹಬ್ಬದ ಹಾಡಿನ ಗುಂಪುಗಳೂ ಬಹಳ ಕಾಲ ಕೇರಿಗೊಂದರಂತೆ, ಜಾತಿಗೊಂದರಂತೆ ಬೇರೆಯಾಗಿದ್ದವು. ಎಲ್ಲ ಕೇರಿಗಳ ಮಕ್ಕಳು ಭುಜಕ್ಕೆ ಭುಜ ತಾಗಿಸಿ ಒಂದೇ ಶ್ರುತಿಗೆ ಕಾಯುವ ಜಾಗ ಶಾಲೆಯ ಅಂಗಳವೊಂದೇ. ಅದೇ ಸಾಲು ಶಾಲೆಯ ಗೇಟು ದಾಟಿ ಊರೊಳಗೆ ನಡೆದು, ಎಲ್ಲ ಕೇರಿಗಳಲ್ಲೂ ನಿಂತು ಹಾಡಿದರೆ, ಅದೇ ಒಂದು ಸೇವೆ. ಯಾವ ಭಾಷಣವೂ ಅದಕ್ಕೆ ಸಮನಾಗದು.

ಹೊರದೇಶಗಳಲ್ಲಿ ಕೆಲವೆಡೆ ವಿದ್ಯಾರ್ಥಿಗಳ ಸೇವೆಗೆ ನಿಯಮದ ರೂಪ ಕೊಟ್ಟಿದ್ದಾರೆ. ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ ಪ್ರೌಢಶಿಕ್ಷಣ ಮುಗಿಸುವ ವಿದ್ಯಾರ್ಥಿ 75 ಗಂಟೆಗಳ ಸೇವಾ ಕಲಿಕೆಯನ್ನು ಪೂರೈಸಬೇಕೆಂಬ ನಿಯಮವಿದೆ. ಅಲ್ಲಿನ ಶಾಲೆಗಳ ಗಾಯನ ತಂಡಗಳು ವೃದ್ಧರ ವಸತಿಗಳಲ್ಲಿ ಹಾಡುವುದೂ, ನಿಧಿ ಸಂಗ್ರಹದ ಕಾರ್ಯಕ್ರಮ ಕೊಡುವುದೂ ಸಾಮಾನ್ಯ. ಗಂಟೆಗಳ ಲೆಕ್ಕ ಇಟ್ಟರೆ ಸೇವೆ ಪ್ರಮಾಣಪತ್ರಕ್ಕೆ ಇಳಿಯುವ ಅಪಾಯವಿರುವುದರಿಂದ, ಆ ನಿಯಮವನ್ನು ಇಲ್ಲಿಗೆ ತರುವ ಅಗತ್ಯ ಕಾಣುವುದಿಲ್ಲ. ಕರ್ನಾಟಕದ ಸಮಸ್ಯೆ ಬೇರೆ. ಪ್ರತಿಭಾ ಕಾರಂಜಿ ಸ್ಪರ್ಧೆ ಹಳ್ಳಿಯ ಮಕ್ಕಳ ಕಂಠಕ್ಕೆ ತಾಲ್ಲೂಕು, ಜಿಲ್ಲೆ, ರಾಜ್ಯಗಳ ವೇದಿಕೆ ಒದಗಿಸಿ ಒಳ್ಳೆಯ ಕೆಲಸ ಮಾಡಿದೆಯಾದರೂ, ತೀರ್ಪುಗಾರರ ಮುಂದೆ ಹಾಡಿದ ಹಾಡು ಊರಿನ ಅಜ್ಜಿಯ ಕಿವಿಗೆ ಬೀಳುವುದಿಲ್ಲ. ಸಭೆ ಸಮಾರಂಭಗಳಲ್ಲಿ ಸ್ವಾಗತಗೀತೆಗಾಗಿ ಮಕ್ಕಳನ್ನು ಅತಿಥಿಗಳು ಬರುವವರೆಗೆ ಬಿಸಿಲಿನಲ್ಲಿ ಕಾಯಿಸುವುದು ಸೇವೆಯಲ್ಲ, ಅದು ಮಕ್ಕಳ ದುರುಪಯೋಗ. 2022ರ ಅಕ್ಟೋಬರ್ 28ರಂದು ರಾಜ್ಯದಾದ್ಯಂತ ನಡೆದ ಕೋಟಿ ಕಂಠ ಗಾಯನದಲ್ಲಿ ನಾಡಗೀತೆಯೂ ಸೇರಿ ಆರು ಕನ್ನಡ ಗೀತೆಗಳನ್ನು ಶಾಲಾ ಮಕ್ಕಳು ಹಾಡಿದರು. ಒಂದು ದಿನದ ಆ ಉತ್ಸಾಹಕ್ಕಾಗಿ ಶಾಲೆಗಳು ಮಾಡಿಕೊಂಡ ತಾಲೀಮು ವರ್ಷವಿಡೀ ನಡೆಯುವ ತಂಡಗಳಿಗೆ ಬುನಾದಿಯಾಗಬಲ್ಲದು.

ಸಖರಾಯಪಟ್ಟಣದಂಥ ಹೋಬಳಿ ಕೇಂದ್ರದಲ್ಲಿ ಇಂಥ ತಂಡ ಮಾಡಬಹುದಾದ ಕೆಲಸಗಳಲ್ಲಿ ಮೊದಲನೆಯದು ಹಾಡು ಕೇಳಿಸುವುದಕ್ಕಿಂತ ಹಾಡು ಕೇಳಿ ತರುವುದು. ರಾಗಿ ಬೀಸುವ ಪದ, ಮದುವೆಯ ಸೋಬಾನೆ, ನಾಟಿಯ ಹಾಡು, ತೊಟ್ಟಿಲ ಪದಗಳು ಈ ಸೀಮೆಯ ಹಿರಿಯ ಹೆಂಗಸರ ನೆನಪಿನಲ್ಲಿವೆ. ಮೂರು ಸಾಲಿನ ಜನಪದ ಛಂದಸ್ಸಾದ ತ್ರಿಪದಿಯಲ್ಲಿ ಕಟ್ಟಿದ ಬೀಸುವ ಪದಗಳಿಗೆ ಬೀಸುವ ಕಲ್ಲಿನ ತಿರುಗುವಿಕೆಯೇ ತಾಳವಾಗಿತ್ತು. ಹಿಟ್ಟಿನ ಗಿರಣಿ ಬಂದು ಬೀಸುವ ಕಲ್ಲು ಮೂಲೆ ಸೇರಿದಾಗ ಹಾಡಲು ಇದ್ದ ಸಂದರ್ಭವೇ ಹೋಯಿತು, ಹಾಡು ಮಾತ್ರ ಹಾಡುವವರಿಲ್ಲದೆ ಉಳಿಯಿತು. ಪ್ರೌಢಶಾಲೆಯ ಮಕ್ಕಳು ತಮ್ಮ ಅಜ್ಜಿಯ ಬಳಿ, ನೆರೆಮನೆಯ ದೊಡ್ಡವ್ವನ ಬಳಿ ಕುಳಿತು ಒಂದೊಂದು ಪದವನ್ನು ಬರೆದುಕೊಂಡು, ಮೊಬೈಲ್ ಫೋನಿನಲ್ಲಿ ಧ್ವನಿ ದಾಖಲಿಸಿಕೊಂಡು, ಧಾಟಿಯನ್ನು ತಂಡಕ್ಕೆ ಕಲಿಸಿ, ಅದನ್ನೇ ಮರಳಿ ಅವರ ಮುಂದೆ ಕೂಡಿ ಹಾಡಿದರೆ, ಸೇವೆ ಪಡೆಯುವವರು ಯಾರು, ಕೊಡುವವರು ಯಾರು ಎಂಬ ಭೇದವೇ ಉಳಿಯುವುದಿಲ್ಲ. ಒಂಟಿಯಾಗಿ ದಿನ ಕಳೆಯುವ ವೃದ್ಧರಿಗೆ ತಮ್ಮಲ್ಲಿ ಇನ್ನೂ ಕೊಡುವುದು ಇದೆ ಎಂಬ ಅರಿವು ಔಷಧಿಗಿಂತ ಮಿಗಿಲು.

ಎರಡನೆಯದು ಕೆರೆಯ ಕೆಲಸ. ಒಳ್ಳೆಯ ಮಳೆಗಾಲದಲ್ಲಿ ಅಯ್ಯನಕೆರೆ ಕೋಡಿ ಬಿದ್ದಾಗ, ಅಂದರೆ ತುಂಬಿ ಹೆಚ್ಚಾದ ನೀರು ಕಟ್ಟೆಯ ಪಕ್ಕದ ದಾರಿಯಿಂದ ಹೊರಗೆ ಹರಿದಾಗ, ಸುತ್ತಲಿನ ಜನ ನೋಡಲು ನೆರೆಯುತ್ತಾರೆ, ಗಂಗೆಗೆ ಬಾಗಿನ ಅರ್ಪಿಸುತ್ತಾರೆ. ಜನ ನೆರೆದ ಕಡೆ ಪ್ಲಾಸ್ಟಿಕ್ ಲೋಟ, ತಟ್ಟೆ, ಬಾಟಲಿಗಳ ರಾಶಿ ಉಳಿಯುವುದು ಎಲ್ಲೆಡೆಯ ಗೋಳು. ಕೋಡಿ ಹರಿಯುವ ಜಾಗದಿಂದ ದೂರ, ಶಿಕ್ಷಕರ ಕಣ್ಗಾವಲಿನಲ್ಲಿ, ಮಕ್ಕಳು ನೀರಿನ ಹಾಡುಗಳನ್ನು ಹಾಡಿ ಜನರ ಗಮನ ಸೆಳೆದು, ಆಮೇಲೆ ಚೀಲ ಹಿಡಿದು ಕಸ ಹೆಕ್ಕಿದರೆ, ಹಾಡು ಕೇಳಿ ತಲೆದೂಗಿದ ದೊಡ್ಡವರು ಕೈಕಟ್ಟಿ ನಿಲ್ಲುವುದು ಕಷ್ಟ. ಸಂತೆಯ ದಿನ, ಜಾತ್ರೆಯ ದಿನಗಳಲ್ಲೂ ಇದೇ ಕ್ರಮ ಸಾಧ್ಯ.

ಮೂರನೆಯದು ಆಸ್ಪತ್ರೆ, ಅಂಗನವಾಡಿ, ವೃದ್ಧಾಶ್ರಮಗಳಿಗೆ ಹೋಗಿ ಹಾಡುವುದು. ಇದಕ್ಕೆ ಕೆಲವು ಎಚ್ಚರಗಳು ಅಗತ್ಯ. ಆಸ್ಪತ್ರೆಯ ಸುತ್ತ ನೂರು ಮೀಟರ್ ಪ್ರದೇಶವನ್ನು 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ನಿಶ್ಶಬ್ದ ವಲಯವೆಂದು ಘೋಷಿಸಲು ಅವಕಾಶ ಕೊಡುವುದರಿಂದ ಅಲ್ಲಿ ಧ್ವನಿವರ್ಧಕ ಸಲ್ಲದು. ವೈದ್ಯರ ಒಪ್ಪಿಗೆ ಪಡೆದು, ಐದಾರು ಮಕ್ಕಳು ಮೆಲುದನಿಯಲ್ಲಿ ಎರಡು ಮೂರು ಹಾಡು ಹಾಡಿದರೆ ಸಾಕು. ರೋಗಿಗಳ ಫೋಟೊ ತೆಗೆದು ಪ್ರಚಾರಕ್ಕೆ ಬಳಸುವುದು ಯಾವ ಕಾರಣಕ್ಕೂ ತಕ್ಕುದಲ್ಲ. ಒಂದೇ ಮತದ ಹಾಡುಗಳನ್ನು ಎಲ್ಲ ಮಕ್ಕಳ ಮೇಲೆ ಹೇರದೆ, ವಚನ, ಕೀರ್ತನೆ, ತತ್ವಪದ, ಭಾವಗೀತೆ, ಜನಪದ ಗೀತೆಗಳ ವಿಶಾಲ ಭಂಡಾರದಿಂದ ಎಲ್ಲರೂ ಮನಸಾರೆ ಹಾಡಬಲ್ಲವನ್ನು ಆರಿಸುವುದು ಲೇಸು. ದೂರದ ಹಳ್ಳಿಗಳಿಂದ ಬರುವ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಬಸ್ಸಿನ ಸಮಯಕ್ಕೆ ಮನೆ ಸೇರುವಂತೆ ಕಾರ್ಯಕ್ರಮ ಮುಗಿಯಬೇಕು, ಪೋಷಕರ ಒಪ್ಪಿಗೆ ಮೊದಲೇ ಇರಬೇಕು. ಹತ್ತನೆಯ ತರಗತಿಯ ಪರೀಕ್ಷೆ ಹತ್ತಿರ ಬಂದಾಗ ಎಂಟು ಮತ್ತು ಒಂಬತ್ತನೆಯವರು ಸೊಲ್ಲು ಹಿಡಿದು ತಂಡವನ್ನು ನಡೆಸಿಕೊಂಡು ಹೋದರೆ ಪರಂಪರೆ ಕಡಿಯುವುದಿಲ್ಲ.

ಇದಕ್ಕೆ ಹೊಸ ಯೋಜನೆಯಾಗಲಿ ಅನುದಾನವಾಗಲಿ ಬೇಕಾಗಿಲ್ಲ. ಸಂಗೀತ ಶಿಕ್ಷಕರಿಲ್ಲದ ಶಾಲೆಯಲ್ಲಿ ಹಾಡಬಲ್ಲ ಕನ್ನಡ ಮೇಷ್ಟ್ರೋ, ಊರಿನ ಭಜನಾ ಮಂಡಳಿಯ ಹಿರಿಯರೋ ವಾರಕ್ಕೆ ಒಂದು ಅವಧಿ ಕೊಟ್ಟು, ಮುಖ್ಯ ಶಿಕ್ಷಕರೂ ಶಾಲಾಭಿವೃದ್ಧಿ ಸಮಿತಿಯವರೂ ತಿಂಗಳಿಗೆ ಒಂದು ಮಧ್ಯಾಹ್ನವನ್ನು ಊರಿನ ಕೆಲಸಕ್ಕೆ ಬಿಟ್ಟುಕೊಡಲಿ. ಸಖರಾಯಪಟ್ಟಣ, ಕಡೂರು, ಬೀರೂರು, ತರೀಕೆರೆ, ಅಜ್ಜಂಪುರದ ಶಾಲೆಗಳು ಬರುವ ಜೂನ್ ತಿಂಗಳಲ್ಲೇ ಇದನ್ನು ಆರಂಭಿಸಬಹುದು. ಮಕ್ಕಳು ಪುಸ್ತಕ ಹಿಡಿದು ಬಂದು ಹಳೆಯ ಪದವೊಂದನ್ನು ಹೇಳಿಕೊಡಿ ಎಂದು ಬಾಗಿಲಲ್ಲಿ ನಿಂತಾಗ, ಮನೆಯ ಹಿರಿಯರು ಮರೆತುಹೋಗಿದೆ ಎಂದು ಅವರನ್ನು ಕಳಿಸಿಬಿಡದೆ, ನೆನಪಿದ್ದಷ್ಟನ್ನಾದರೂ ಕುಳಿತು ಹಾಡಿಕೊಡಬೇಕು.